ಬೆನಿನ್‌ಗೆ ಹೋಗೋರೇ, ವಿಡಾ ನೋಡಿ ವಾಪಸ್ ಬರ್ಬೇಡಿ, ಗಾನ್ವಿಯೆಗೂ ಹೋಗಿ

ಗುಲಾಮರ ವ್ಯಾಪಾರ ನಡೆದ ಜಾಗ ನೋಡ್ಬೇಕು ಅನ್ನೋರು ಜಾಸ್ತಿ ಘಾನಾ ಕಡೆ ಹೋಗ್ತಾರೆ, ನಾವು ಪಶ್ಚಿಮ ಆಫ್ರಿಕಾದ ಬೆನಿನ್‌ಗೆ ಹೋದ್ವಿ. ಇ-ವೀಸಾ ಆನ್‌ಲೈನಲ್ಲೇ ಆಗುತ್ತೆ. ಯೆಲ್ಲೋ ಫೀವರ್ ಇಂಜೆಕ್ಷನ್ ಮಾತ್ರ ಹೊರಡೋಕೆ 10 ದಿನ ಮುಂಚೆನೇ ಆಗಿರ್ಬೇಕು, ಆ ಹಳದಿ ಕಾರ್ಡು ಜೋಪಾನ, ವಾಪಸ್ ಬಂದಾಗ ನಮ್ಮ ಏರ್‌ಪೋರ್ಟಲ್ಲೂ ಕೇಳ್ತಾರೆ, ಇಲ್ಲಾಂದ್ರೆ ಕ್ವಾರಂಟೈನ್‌ಗೆ ಹಾಕ್ಬಹುದು. ಅಲ್ಲಿ ಎಲ್ಲಾ ಫ್ರೆಂಚು, ಫೋನಲ್ಲಿ ಟ್ರಾನ್ಸ್‌ಲೇಟರ್ ಹಾಕ್ಕೊಂಡೇ ಹೋಗಿ.

ಅಲ್ಲಿನ ದೊಡ್ಡ ನಗರ ಕೊಟೊನುವಿಂದ ವಿಡಾ ಪಟ್ಟಣ ಹೆಚ್ಚುಕಮ್ಮಿ 40 ಕಿ.ಮೀ. ಅಲ್ಲಿ 1721ರ ಪೋರ್ಚುಗೀಸ್ ಕೋಟೆ ಇದೆ, ಅದನ್ನ ಪೋರ್ಚುಗೀಸ್ರು ಬಿಟ್ಟಿದ್ದು 1961ರಲ್ಲಿ, ಗೋವಾನೂ ಕೈಬಿಟ್ಟು ಹೋದ ವರ್ಷ! ಒಳಗಿನ ಮ್ಯೂಸಿಯಂ ತೆರೆದಿದೆಯಾ ಅಂತ ಮೊದ್ಲೇ ವಿಚಾರಿಸ್ಕೊಳ್ಳಿ. ಊರಿಂದ ಸಮುದ್ರದವರೆಗೆ ಸುಮಾರು 4 ಕಿ.ಮೀ. ದಾರಿ, ಗುಲಾಮರಾಗಿ ಹಿಡಿದು ತಂದವರನ್ನ ಸರಪಳಿ ಹಾಕಿ ನಡೆಸಿದ್ದು ಇದರಲ್ಲೇ, ಬಿಸಿಲೇರೋಕೆ ಮುಂಚೆ ನಡೆದ್ಬಿಡಿ. ದಾರೀಲಿ ‘ಮರೆವಿನ ಮರ’ ಇತ್ತು ಅನ್ನೋ ಜಾಗ ತೋರಿಸ್ತಾರೆ, ಊರು ಮನೆ ಮರೀಲಿ ಅಂತ ಗಂಡಸ್ರಿಗೆ 9 ಸುತ್ತು ಹೆಂಗಸ್ರಿಗೆ 7 ಸುತ್ತು ಹಾಕಿಸ್ತಿದ್ರಂತೆ. ಕೊನೇಲಿ 1995ರಲ್ಲಿ ಕಟ್ಟಿದ ‘ಮರಳಿ ಬಾರದ ಬಾಗಿಲು’ ಅನ್ನೋ ಸ್ಮಾರಕ. ಜನ ಅಲ್ಲಿ ಫೋಟೋ ತಗೊಂಡು ವ್ಯಾನ್ ಹತ್ತಿಬಿಡ್ತಾರೆ. ನೀವು ಗೈಡ್ ಹತ್ರ 1727ರ ವಿಷ್ಯ ಕೆದಕಿ: ಈ ನಾಡಿನ ಹಳೇ ರಾಜ್ಯ ದಹೋಮಿಯ ರಾಜ ಅಗಾಜ ವಿಡಾ ಗೆದ್ಕೊಂಡ, ಆಮೇಲೆ ಆ ರಾಜ್ಯದೋರು ಸೆರೆ ಸಿಕ್ಕವರನ್ನ ಯುರೋಪಿನವ್ರಿಗೆ ಕೊಟ್ಟು ಬಂದೂಕು ಮದ್ದು ತಗೊಳ್ಳೋದು ಜೋರಾಯ್ತು. ಅದು ಗೊತ್ತಿದ್ರೇನೇ ಗಾನ್ವಿಯೆ ಯಾಕೆ ನೀರ ಮೇಲಿದೆ ಅಂತ ಅರ್ಥ ಆಗೋದು.

ನೊಕುವೆ ಸರೋವರದ ಮೇಲೆ ಕಂಬ ನೆಟ್ಟು ಕಟ್ಟಿದ ಊರು ಅದು. 17-18ನೇ ಶತಮಾನದಲ್ಲಿ ಹಿಡ್ಕೊಂಡು ಹೋಗೋರ ಕಾಟಕ್ಕೆ ತೊಫಿನು ಜನ ನೀರಿಗಿಳಿದ್ರು, ದಹೋಮಿ ಸೈನಿಕರಿಗೆ ನೀರಿನ ಮೇಲೆ ಹೋಗಿ ದಾಳಿ ಮಾಡೋದು ಧರ್ಮಕ್ಕೆ ನಿಷಿದ್ಧ ಆಗಿತ್ತು ಅಂತಾರೆ. ಹೊಲ ಇಲ್ಲ, ಹೊಟ್ಟೆಪಾಡು? ದೋಣಿ ನಿಲ್ಲಿಸಿ ಅಕಾಜಾ ಅನ್ನೋ ಮೀನು ಹಿಡಿಯೋ ಏರ್ಪಾಟು ನೋಡಿ: ಕೆಸರಿಗೆ ಒತ್ತೊತ್ತಾಗಿ ಕೊಂಬೆ ಚುಚ್ಚಿಟ್ಟಿರ್ತಾರೆ, ಎಲೆ ಕೊಳೆತು ಪಾಚಿ ಕಟ್ಟುತ್ತೆ, ಅದನ್ನ ತಿನ್ನೋಕೆ ಮೀನು ಬಂದು ಅಲ್ಲೇ ಸೇರ್ಕೊಂಡು ಮರಿ ಮಾಡುತ್ತೆ, ತಿಂಗಳುಗಟ್ಲೆ ಬಿಟ್ಟು ಸುತ್ತಲೂ ಬಲೆ ಬಿಗಿದು ಕೊಂಬೆ ಕಿತ್ತು ಬಾಚ್ಕೊಳ್ತಾರೆ. ನನಗಂತೂ ಆ ಬಾಗಿಲಿಗಿಂತ ಈ ಕೊಂಬೆಗಳೇ ಜಾಸ್ತಿ ಮಾತಾಡಿದ್ವು, ತಪ್ಪಿಸ್ಕೊಂಡವ್ರು ಬದುಕಿದ್ದು ಹೆಂಗೆ ಅಂತ ಕಣ್ಣಿಗೆ ಕಾಣೋದು ಇಲ್ಲೇ.

ದೋಣಿ ಅಬೊಮೆ-ಕಲಾವಿಯ ದಡದಿಂದ ಹೊರಡುತ್ತೆ, ಟಿಕೆಟ್ ಕೌಂಟರಲ್ಲೇ ತಗೊಳ್ಳಿ, ರಸ್ತೇಲಿ ಅಡ್ಡ ಹಾಕೋರ ಜೊತೆ ಮಾತು ಬೆಳೆಸ್ಬೇಡಿ. ಬೆಳಗ್ಗೆ ಹೋದ್ರೆ ದೋಣಿ ಸಂತೆ ಸಿಗುತ್ತೆ. ಕ್ಯಾಮೆರಾ ಎತ್ತಿದ್ರೆ ಹೆಂಗಸ್ರು ಅಗಲ ಟೋಪಿ ಮುಖಕ್ಕೆ ಅಡ್ಡ ಹಿಡೀತಾರೆ, ಕೇಳದೆ ತೆಗೀಬೇಡಿ ಪ್ಲೀಸ್, ಅದು ಅವ್ರ ಮನೆ ಅಂಗಳ. ಸಸ್ಯಾಹಾರಿಗಳಿಗೆ ಅನ್ನ, ಕರಿದ ಬಾಳೆಕಾಯಿ, ನಮ್ಮ ಮುದ್ದೆ ಥರದ ಮೆಕ್ಕೆಜೋಳದ ಪಾತ್ ಸಿಗುತ್ತೆ, ಸಾರಲ್ಲಿ ಮೀನಿದೆಯಾ ಅಂತ ಎರಡು ಸಲ ಕೇಳಿ. ಅಲ್ಲಿನ ದುಡ್ಡು ಸಿಎಫ್‌ಎ ಫ್ರಾಂಕ್ ಚಿಲ್ಲರೆ ಜೇಬಲ್ಲಿರ್ಲಿ, ದೋಣೀಲಿ ಕಾರ್ಡ್ ನಡೆಯಲ್ಲ.