ಎಸ್ಸೆನ್ ಕ್ರುಪ್ ಕಟ್ಟಿದ ಊರಾ?

ಜರ್ಮನಿಯ ಎಸ್ಸೆನ್‌ನಲ್ಲಿ ಇದ್ದೇನೆ ಅಂದ ಕೂಡಲೇ ನಮ್ಮವರು ಕೇಳುವುದು ಒಂದೇ ಪ್ರಶ್ನೆ: "ಅದು ಕ್ರುಪ್ ಕಂಪನಿ ಕಟ್ಟಿದ ಊರು ಅಲ್ವಾ?" ಕಲ್ಲಿದ್ದಲು, ಉಕ್ಕು, ಫಿರಂಗಿ, ಅಷ್ಟೇ. ಅದಕ್ಕಿಂತ ಹಿಂದೆ ಇಲ್ಲಿ ಏನೂ ಇರಲೇ ಇಲ್ಲ ಅನ್ನುವ ಹಾಗೆ.

ಅಲ್ಲ. ಕ್ರುಪ್ ಶುರುವಾದದ್ದು 1811ರಲ್ಲಿ. ಅದಕ್ಕೂ ಒಂಬೈನೂರು ವರ್ಷಕ್ಕಿಂತ ಮೊದಲೇ, 845ರ ಆಸುಪಾಸಿನಲ್ಲಿ, ಆಲ್ಟ್‌ಫ್ರಿಡ್ ಎಂಬ ಧರ್ಮಗುರು ಇಲ್ಲಿ ಹೆಣ್ಣುಮಕ್ಕಳಿಗೊಂದು ಕ್ರೈಸ್ತ ಮಠ ಕಟ್ಟಿಸಿದ. ದೊಡ್ಡ ಮನೆತನದ ಹೆಣ್ಣುಮಕ್ಕಳು ಅಲ್ಲಿ ಇರುತ್ತಿದ್ದರು, ಓದುತ್ತಿದ್ದರು. ಕ್ರಮೇಣ ಮಠದ ಒಡತಿಯೇ ಸುತ್ತಲಿನ ಸೀಮೆಗೂ ಒಡತಿಯಾದಳು. ಊರಿನವರಿಗೆ ಇದು ಹಿಡಿಸಲಿಲ್ಲ. "ನಮ್ಮ ಊರು ಸ್ವತಂತ್ರ" ಅಂತ ಆಗಿನ ಪವಿತ್ರ ರೋಮನ್ ಸಾಮ್ರಾಜ್ಯದ ಕೋರ್ಟಿನಲ್ಲಿ ವ್ಯಾಜ್ಯ ಹೂಡಿದರು. 1568ರಲ್ಲಿ ಶುರುವಾದ ಕೇಸು ತೀರ್ಮಾನವಾದದ್ದು 1670ರಲ್ಲಿ! ಆಗಲೂ ಒಡತಿಯ ಮಾತು ಕೇಳಲೇಬೇಕು ಅಂತಲೇ ತೀರ್ಪು ಬಂತು.

ಆ ಮಠದ ಚರ್ಚು ಇವತ್ತಿಗೂ ಊರಿನ ನಟ್ಟನಡುವೆ ಇದೆ. ಒಳಗೆ ಸುಮಾರು 980ರ ಬಂಗಾರದ ಮೇರಿ ಇದ್ದಾಳೆ. ಮುಕ್ಕಾಲು ಮೀಟರ್ ಎತ್ತರದ ಮರದ ಮೂರ್ತಿ, ಮೇಲೆ ತೆಳ್ಳನೆಯ ಚಿನ್ನದ ತಗಡು. ಮಡಿಲಲ್ಲಿ ಮಗು, ಬೆರಳುಗಳ ನಡುವೆ ಒಂದು ಸೇಬು. ಕಣ್ಣುಗಳನ್ನು ಎನಾಮೆಲ್‌ನಲ್ಲಿ ಮಾಡಿ ಕೂರಿಸಿದ್ದಾರೆ. ಹತ್ತಿರ ನಿಂತರೆ ನಮ್ಮನ್ನೇ ದಿಟ್ಟಿಸಿ ನೋಡುತ್ತಾಳೆ. ಎಲ್ಲ ಕಡೆಯಿಂದಲೂ ಕಡೆದ ಮೇರಿಯ ಮೂರ್ತಿಗಳಲ್ಲಿ ಉಳಿದಿರುವ ಅತಿ ಹಳೆಯದು ಇದೇ ಅನ್ನುತ್ತಾರೆ. ಅರಮನೆ, ಕೋಟೆ ಅಂತ ಜರ್ಮನಿ ಸುತ್ತುವವರು ಇದನ್ನು ನೋಡದೆ ಹೋಗುವುದು ನನಗೆ ನಿಜಕ್ಕೂ ಬೇಜಾರು.

ಇನ್ನು ಕಬ್ಬಿಣದ ಕಥೆ. ಅದೂ ಕ್ರುಪ್‌ನಿಂದ ಶುರುವಾಗಲಿಲ್ಲ. ಮಠದ ಕೊನೆಯ ಒಡತಿ ಮರಿಯಾ ಕುನಿಗುಂಡೆ 1791ರಲ್ಲೇ, ಈಗ ಪಕ್ಕದ ಓಬರ್‌ಹೌಸನ್ ಊರು ಇರುವ ಕಡೆ, ಕಬ್ಬಿಣದ ಕಾರ್ಖಾನೆ ಕಟ್ಟಿಸಿದ್ದಳು. 1803ಕ್ಕೆ ಮಠದ ಆಳ್ವಿಕೆ ಮುಗಿದು ಸೀಮೆ ಪ್ರಶ್ಯ ರಾಜ್ಯದ ಪಾಲಾಯಿತು. ಕ್ರುಪ್ ಕೂಡ ಶುರುವಿನಲ್ಲಿ ಮುಳುಗುವ ಸ್ಥಿತಿಯಲ್ಲಿತ್ತು. 1826ರಲ್ಲಿ ಕಂಪನಿ ಶುರುಮಾಡಿದ ಫ್ರೀಡ್ರಿಕ್ ಕ್ರುಪ್ ಸತ್ತಾಗ ಮಗ ಆಲ್‌ಫ್ರೆಡ್‌ಗೆ 14 ವರ್ಷ. ಕಾರ್ಖಾನೆಗೆ ಬೀಗ ಬೀಳದಂತೆ ನೋಡಿಕೊಂಡವಳು ವಿಧವೆ ಥೆರೇಸ್. ಆಮೇಲೆ ರೈಲು ಬಂತು. ರೈಲಿನ ಚಕ್ರದ ಸುತ್ತ ಕೂರಿಸುವ, ಬೆಸುಗೆಯಿಲ್ಲದ ಉಕ್ಕಿನ ಪಟ್ಟಿ ಮಾಡಿ ಆಲ್‌ಫ್ರೆಡ್ ಗೆದ್ದ. ಕಂಪನಿಯ ಗುರುತಾದ ಮೂರು ಉಂಗುರಗಳು ಆ ಪಟ್ಟಿಗಳೇ, ಫಿರಂಗಿಯ ಬಾಯಿಗಳಲ್ಲ. ಆದರೆ ಫಿರಂಗಿಯೂ ಬಂತು. ಎರಡನೇ ಮಹಾಯುದ್ಧದಲ್ಲಿ ಸಾವಿರಾರು ಜನರನ್ನು ಎಳೆದು ತಂದು ಇಲ್ಲಿ ಗುಲಾಮರ ಹಾಗೆ ದುಡಿಸಿದರು. ಬಾಂಬುಗಳು ಬಿದ್ದು ಊರಿನ ನಡುಭಾಗ ನೆಲಸಮವಾಯಿತು. ಎಸ್ಸೆನ್ ಬಗ್ಗೆ ಹೆಮ್ಮೆಯಿಂದ ಮಾತಾಡುವಾಗ ಇದನ್ನು ಬಿಟ್ಟು ಮಾತಾಡಬಾರದು.

ಕಲ್ಲಿದ್ದಲಿನ ಕಾಲವೂ ಮುಗಿಯಿತು. ಇಲ್ಲಿನ ಸೋಲ್‌ಫರೈನ್ ಗಣಿಯ 12ನೇ ಶಾಫ್ಟ್‌ನಿಂದ (ಗಣಿಗೆ ಇಳಿಯುವ ಬಾವಿ) ದಿನಕ್ಕೆ 12,000 ಟನ್ ಕಲ್ಲಿದ್ದಲು ಎತ್ತಬಹುದಿತ್ತು. 1986ರ ಡಿಸೆಂಬರ್‌ನಲ್ಲಿ ಅದು ನಿಂತಿತು. ಕೆಡವಿ ಹಾಕಲಿಲ್ಲ, ಅದೇ ಒಳ್ಳೆಯದಾಯಿತು. 2001ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಾಗಾಗಿ ಎಸ್ಸೆನ್‌ಗೆ ಬಂದರೆ ಮೊದಲು ಚರ್ಚಿಗೆ ಹೋಗಿ. ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಆಮೇಲೆ 107ನೇ ನಂಬರಿನ ಟ್ರಾಮ್ ಹತ್ತಿ, ಅದು ನೇರ ಗಣಿಯ ಹತ್ತಿರ ಬಿಡುತ್ತದೆ.