ಎಲ್ಲಿ ನಿಂತು ನೋಡಬೇಕು

ಗೋಡೆಚಿತ್ರ, ತೈಲವರ್ಣ, ಜಲವರ್ಣ, ಚಿನ್ನದ ರೇಕಿನ ಚಿತ್ರ, ಮರದಲ್ಲಿ ಮರ ಕೂರಿಸಿ ಮಾಡುವ ಇನ್‌ಲೇ, ಇವಿಷ್ಟನ್ನೂ ಒಂದೇ ದಿನದಲ್ಲಿ ನೋಡುವ ಮನಸ್ಸಿದ್ದರೆ ಮೈಸೂರಿನಲ್ಲಲ್ಲ, ಶ್ರೀರಂಗಪಟ್ಟಣದಲ್ಲಿ ಶುರು ಮಾಡಬೇಕು, ಅದೂ ಬೆಳಗ್ಗೆಯೇ. ದರಿಯಾ ದೌಲತ್‌ನ ಯುದ್ಧದ ಚಿತ್ರವಿರುವುದು ಪಶ್ಚಿಮದ ಹೊರಗೋಡೆಯ ಮೇಲೆ. ಬೆಳಗಿನ ಹೊತ್ತು ಅಲ್ಲಿಗೆ ನೇರ ಬಿಸಿಲು ಬೀಳುವುದಿಲ್ಲ, ಬಣ್ಣವೆಲ್ಲ ಒಂದೇ ಹದದಲ್ಲಿ ಕಾಣುತ್ತದೆ.

1784ರಲ್ಲಿ ಟಿಪ್ಪು ಕಟ್ಟಿಸಿದ ಈ ಬೇಸಿಗೆ ಅರಮನೆಯ ಗೋಡೆಯಲ್ಲಿರುವುದು ಹೈದರ್, ಟಿಪ್ಪು ಸೇರಿ ಈಸ್ಟ್ ಇಂಡಿಯಾ ಕಂಪನಿಯನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧ. ಬಂದವರಲ್ಲಿ ಮುಕ್ಕಾಲು ಪಾಲು ಜನ ಇಡೀ ಗೋಡೆಯನ್ನು ಫೋನಿನೊಳಗೆ ತುರುಕಲು ಹೋಗಿ ಸೋಲುತ್ತಾರೆ. ಇದು ಒಂದೇ ಕಡೆ ನಿಂತು ನೋಡುವ ಚಿತ್ರವೇ ಅಲ್ಲ. ಇಲ್ಲಿ ದೂರದಲ್ಲಿರುವವನು ಚಿಕ್ಕವನಾಗುವುದಿಲ್ಲ. ಸಾಲಿನ ಮೇಲೆ ಸಾಲು, ಮೇಲಿದ್ದವನು ಹಿಂದಿದ್ದಾನೆ ಅಂತ ಲೆಕ್ಕ. ಮೊದಲು ಕಂಬಗಳ ಹತ್ತಿರಕ್ಕೆ ಹಿಂದೆ ಸರಿದು ಕಂಪನಿ ಸೈನ್ಯ ಕಟ್ಟಿಕೊಂಡ ಚೌಕವನ್ನು ಹುಡುಕಿ. ಅದರೊಳಗೆ ಪಲ್ಲಕ್ಕಿ, ಪಲ್ಲಕ್ಕಿಯಲ್ಲಿ ಆ ಸೈನ್ಯದ ನಾಯಕ ಕರ್ನಲ್ ಬೇಯ್ಲಿ. ಮದ್ದುಗುಂಡಿನ ಬಂಡಿ ಸ್ಫೋಟಗೊಂಡ ಜಾಗವೂ ಸಿಕ್ಕಿತೆಂದರೆ ಯುದ್ಧ ಕೈತಪ್ಪಿದ್ದು ಯಾಕೆಂದು ಚಿತ್ರವೇ ಹೇಳುತ್ತದೆ. ಆಮೇಲೆ ಗೋಡೆಯುದ್ದಕ್ಕೂ ನಡೆಯುತ್ತಾ ಓದುವುದು. ಒಂದು ಎಚ್ಚರಿಕೆ: ಈ ಚಿತ್ರಗಳು 1799ರಲ್ಲಿ ಟಿಪ್ಪು ಸತ್ತ ನಂತರ ಒಮ್ಮೆ, 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯ ಮೇರೆಗೆ ಮತ್ತೊಮ್ಮೆ ದುರಸ್ತಿ ಕಂಡಿವೆ. ಹಾಗಾಗಿ ಒಂದೊಂದು ಮುಖದ ರೇಖೆ ಹಿಡಿದು ಮೂಲ ಕಲಾವಿದನ ಕೈಚಳಕ ಅಳೆಯಲು ಹೋಗಬಾರದು. ರಚನೆ ನೋಡಿ, ಅದು ಗಟ್ಟಿ.

ಮಧ್ಯಾಹ್ನಕ್ಕೆ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ. ರವಿವರ್ಮನ ತೈಲವರ್ಣಗಳ ಮುಂದೆ ಎದುರಾಗುವ ತೊಂದರೆಯೇ ಬೇರೆ. ಎಣ್ಣೆ ಬಣ್ಣಕ್ಕೂ ಅದರ ಮೇಲಿನ ವಾರ್ನಿಷ್‌ಗೂ ಹೊಳಪಿರುವುದರಿಂದ ಕಿಟಕಿ, ಟ್ಯೂಬ್‌ಲೈಟು ಎಲ್ಲವೂ ಚಿತ್ರದೊಳಗೆ ಬಂದು ಕೂರುತ್ತವೆ. ನೇರ ಎದುರು ನಿಲ್ಲಬೇಡಿ, ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಪ್ರತಿಫಲನ ಹೋಗುತ್ತದೆ. ಏಳೆಂಟು ಅಡಿ ದೂರದಿಂದ ಸೀರೆಯ ಅಂಚಿನಲ್ಲಿ ಜರಿ ಮಿನುಗುತ್ತದೆ. ಹತ್ತಿರ ಹೋದರೆ ಅದು ಹಳದಿ, ಬಿಳಿಯ ನಾಲ್ಕಾರು ಗೀರು, ಅಷ್ಟೆ. ದೂರ, ಹತ್ತಿರ ಎರಡನ್ನೂ ನೋಡದೆ ಮುಂದೆ ಹೋದರೆ ಅರ್ಧ ಚಿತ್ರ ನೋಡಿದ ಹಾಗೆ.

ಅದೇ ಕಟ್ಟಡದಲ್ಲಿ ಕಲಾವಿದ ಎಸ್.ಎಲ್. ಹಳದಣಕರ್ ಅವರ ದೀಪ ಹಿಡಿದ ಹೆಣ್ಣು. ಇದನ್ನೂ ರವಿವರ್ಮನದೇ ಅಂದುಕೊಂಡು, ತೈಲವರ್ಣವೆಂದೇ ನಂಬಿ ಹೊರಡುವವರು ಬಹಳ. ಇದು ಜಲವರ್ಣ, ಬಿಡಿಸಿದ್ದು 1940ರ ದಶಕದಲ್ಲಿ. ಈ ವ್ಯತ್ಯಾಸ ತಿಳಿಯದಿದ್ದರೆ ಚಿತ್ರದ ದೊಡ್ಡಸ್ತಿಕೆಯೇ ತಪ್ಪಿಹೋಗುತ್ತದೆ. ಎಣ್ಣೆಯಲ್ಲಿ ಕತ್ತಲೆ ಬಳಿದು, ಒಣಗಿದ ಮೇಲೆ ಬೆಳಕನ್ನು ಮೇಲೆ ಇಡಬಹುದು. ಜಲವರ್ಣದಲ್ಲಿ ಬೆಳಕೆಂದರೆ ಕಾಗದವೇ. ಎಲ್ಲಿ ಬೆಳಕು ಬೇಕೋ ಅಲ್ಲಿ ಬಣ್ಣ ತೆಳುವಾಗಿರಬೇಕು, ಅದನ್ನು ಮೊದಲೇ ಕಾಯ್ದುಕೊಳ್ಳಬೇಕು. ಕತ್ತಲೆಯನ್ನು ಪದರದ ಮೇಲೆ ಪದರ ಹಚ್ಚಿ ತರಬೇಕು. ಕೆಳಗಿನ ಪದರ ಆರುವ ಮುಂಚೆ ಕುಂಚ ಆಡಿಸಿದರೆ ಬಣ್ಣ ಕಲಸಿಹೋಗಿ ಕೆಸರಾಗುತ್ತದೆ. ಇಲ್ಲಿ ಹಿನ್ನೆಲೆ ಅಷ್ಟು ದಟ್ಟವಾಗಿದ್ದೂ ಕೆಸರಾಗಿಲ್ಲ. ಮುಖವನ್ನು ಎಲ್ಲರೂ ನೋಡುತ್ತಾರೆ. ನೀವು ದೀಪಕ್ಕೆ ಮರೆಯಾಗಿ ಹಿಡಿದ ಕೈ ನೋಡಿ: ಬೆರಳುಗಳ ಮಾಂಸದೊಳಗಿಂದ ಬೆಳಕು ಕೆಂಪಗೆ ಹಾಯ್ದು ಬರುತ್ತದೆ.

ಮೈಸೂರು ಸಾಂಪ್ರದಾಯಿಕ ಚಿತ್ರಗಳಿಗೆ ಬಂದಾಗ ಇಲ್ಲಿಯವರೆಗಿನ ಲೆಕ್ಕವೆಲ್ಲ ತಲೆಕೆಳಗು. ಇಲ್ಲಿ ನೆರಳು ಬೆಳಕಿನ ಮಾತಿಲ್ಲ. ಚಿತ್ರ ನಿಂತಿರುವುದು ರೇಖೆ ಮತ್ತು ಚಿನ್ನದ ಮೇಲೆ. ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಲ್ಲಿ ರೇಖೆ ಎಳೆದು, ಒಡವೆ, ಸಿಂಹಾಸನ, ಪ್ರಭಾವಳಿ ಬರುವ ಕಡೆ ಮಕ್ಕಿ ಸಫೇದವನ್ನು ಕುಂಚದಲ್ಲಿ ಎಳೆಯುತ್ತಾರೆ. ಬಿಳಿ ಪುಡಿ, ಗೋಂದು, ರೇವಲ್‌ಚಿನ್ನಿ ಎಂಬ ಮರದ ಅಂಟಿನ ಹಳದಿ ಸೇರಿದ ಮಿಶ್ರಣ ಅದು. ಗೋಂದು ಹೆಚ್ಚಾದರೆ ಒಣಗುವಾಗ ಬಿರುಕು, ಕಡಿಮೆಯಾದರೆ ವರ್ಷಗಳಲ್ಲಿ ಪುಡಿಯಾಗಿ ಉದುರುವುದು. ಅದರ ಮೇಲೆ ಚಿನ್ನದ ರೇಕು ಕೂರಿಸಿ, ಬಣ್ಣ ತುಂಬಿ, ಕೊನೆಗೆ ತೆಳು ಕಾಗದ ಹಾಸಿ ನುಣುಪು ಕಲ್ಲಿನಿಂದ ಉಜ್ಜುತ್ತಾರೆ. ತಂಜಾವೂರಿನ ಚಿತ್ರದಲ್ಲಿ ಉಬ್ಬು ದಪ್ಪ, ಕಲ್ಲು ಗಾಜು ಉಂಟು. ಮೈಸೂರಿನದು ನೂಲಿನಷ್ಟೇ ಏಳುತ್ತದೆ. ಹಾಗಾಗಿ ಎದುರಿನಿಂದ ನೋಡಿದರೆ ಚಿನ್ನ ಬರೀ ಹಳದಿ ಬಣ್ಣ. ಪಕ್ಕದಿಂದ, ಕೆನ್ನೆಯನ್ನು ಗೋಡೆಗೆ ಒರಗಿಸುವಷ್ಟು ಓರೆಯಾಗಿ ನೋಡಿದಾಗ ಸರದ ಒಂದೊಂದು ಮಣಿಯೂ ಬೇರೆಬೇರೆಯಾಗಿ ಎದ್ದು ಕಾಣುತ್ತದೆ. ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಸಂಜೆ ಮಂಡಿ ಮೊಹಲ್ಲಾ ಕಡೆ ಬೀಟೆ ಮರದ ಇನ್‌ಲೇ. ಇಲ್ಲಿ ಕಣ್ಣಿಗಿಂತ ಉಗುರು ಮುಖ್ಯ. ಬೀಟೆಯ ಹಲಗೆಯಲ್ಲಿ ತೋಡಿದ ಗುಳಿಗೆ ಬೇರೆ ಮರದ ತುಂಡು ಸರಿಯಾಗಿ ಕೂತಿದ್ದರೆ ಉಗುರು ಎಲ್ಲೂ ತಡೆಯುವುದಿಲ್ಲ. ಅಳತೆ ತಪ್ಪಿದ ಕಡೆ ಮರದ ಪುಡಿಗೆ ಅಂಟು ಕಲಸಿ ಮೆತ್ತಿರುತ್ತಾರೆ, ಪಾಲಿಶ್ ಕೆಳಗೆ ಅದು ಕಪ್ಪು ಗೆರೆಯಾಗಿ ಕಾಣುತ್ತದೆ. ಹಲಸಿನ ಹಳದಿಯಂತಹ ಬಣ್ಣಗಳು ಮರದವೇ ಆಗಿದ್ದರೆ ಒಂದೇ ತುಂಡಿನಲ್ಲೂ ಛಾಯೆ ಸ್ವಲ್ಪ ಏರಿಳಿಯುತ್ತದೆ. ಪೂರಾ ಒಂದೇ ಸಮ ಇದ್ದರೆ ಬಣ್ಣ ಹಾಕಿದ್ದಾರೆಯೇ ಎಂದು ಕೇಳಿ. ಒಳ್ಳೆಯ ಕೆಲಸಗಾರ ಮರದ ಎಳೆಯನ್ನೂ ಚಿತ್ರಕ್ಕೆ ದುಡಿಸಿಕೊಳ್ಳುತ್ತಾನೆ: ನೀರಿಗೆ ಅಡ್ಡ ಎಳೆ, ಮರದ ಕಾಂಡಕ್ಕೆ ಉದ್ದ ಎಳೆ. ಹಿಂದೆ ದಂತ ಇರುತ್ತಿದ್ದ ಬಿಳಿಯ ಜಾಗದಲ್ಲಿ ಈಗ ಪ್ಲಾಸ್ಟಿಕ್ ಇರುತ್ತದೆ, ಅದರಲ್ಲಿ ಮೋಸವೇನಿಲ್ಲ. ಕೊಂಡದ್ದಾದರೆ ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಒಂದೊಂದು ಮರವೂ ಒಂದೊಂದು ಪ್ರಮಾಣದಲ್ಲಿ ಕುಗ್ಗುವುದರಿಂದ ಮೊದಲು ಏಳುವುದು ಚಿತ್ರದ ಸಣ್ಣ ತುಂಡುಗಳು.