ಕೂಸು ಹುಟ್ಟೋಕೆ ಮುಂಚೆ ಕುಲಾವಿ, ಪ್ರೀನಪ್ ಸ್ಟೈಲ್

ಕ್ಯಾಲಿಫೋರ್ನಿಯಾದಲ್ಲಿರೋ ಫ್ರೆಂಡ್ ಒಬ್ಳು ಮದ್ವೆ ಮುಂಚೆ ಮಾಡ್ಕೊಳ್ಳೋ ಅಗ್ರಿಮೆಂಟಿನ, ಅದೇ ಪ್ರೀನಪ್‌ನ, ಡ್ರಾಫ್ಟ್ ಕಳಿಸಿದ್ಲು, ಒಂದ್ಸಲ ಓದೇ ಅಂತ. ಆಸ್ತಿ, ಸಾಲ, ಷೇರು ಎಲ್ಲಾ ಸರಿನೇ ಇತ್ತು, ಆದ್ರೆ ಮೂರನೇ ಪುಟದಲ್ಲಿ ಒಂದು ಲೈನು, ಮುಂದೆ ಮಕ್ಕಳಾಗಿ ಬೇರೆ ಆದ್ರೆ ಯಾರೂ ಯಾರ ಹತ್ರನೂ ಮಕ್ಕಳ ಖರ್ಚು ಕೇಳೋ ಹಾಗಿಲ್ಲ ಅಂತ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲ್ಸೋರನ್ನ ನೋಡಿದೀನಿ, ಇವ್ರು ಹುಟ್ಟೋಕೆ ಮುಂಚೆನೇ ಕುಲಾವಿ ಕಿತ್ಕೊಳ್ತಾ ಇದಾರೆ.

ಆ ಲೈನು ಕೋರ್ಟಲ್ಲಿ ನಿಲ್ಲಲ್ಲ. ಅಮೆರಿಕದಲ್ಲಿ ಎಷ್ಟೋ ರಾಜ್ಯಗಳು ತಗೊಂಡಿರೋ ಮಾದರಿ ಕಾನೂನು, 1983ರ ಯೂನಿಫಾರ್ಮ್ ಪ್ರೀಮ್ಯಾರಿಟಲ್ ಅಗ್ರಿಮೆಂಟ್ ಆಕ್ಟಲ್ಲೇ ಇದೆ, ಚೈಲ್ಡ್ ಸಪೋರ್ಟಿಗೆ, ಅಂದ್ರೆ ಮಕ್ಕಳ ಖರ್ಚಿಗೆ, ಧಕ್ಕೆ ತರೋ ಹಾಗೆ ಬರ್ಕೊಳ್ಳೋಕಾಗಲ್ಲ ಅಂತ. ಆ ಹಕ್ಕು ಅಪ್ಪಂದೂ ಅಲ್ಲ ಅಮ್ಮಂದೂ ಅಲ್ಲ, ಮಗೂದು, ಅದರ ಪರವಾಗಿ ಬೇಡ ಅನ್ನೋಕೆ ಇವ್ರ್ಯಾರು?

ಬೇಸ್‌ಬಾಲ್ ಆಟಗಾರ ಬ್ಯಾರಿ ಬಾಂಡ್ಸ್ ಕೇಸ್ ನೋಡಿ. 1988ರಲ್ಲಿ ಮದ್ವೆ ಹಿಂದಿನ ದಿನ ಹುಡುಗಿ ತನ್ನ ಕಡೆ ಲಾಯರೇ ಇಲ್ದೆ ಸೈನ್ ಹಾಕಿದ್ಲು, ಅವ್ನ ದುಡಿಮೇಲಿ ನಂಗೆ ಪಾಲು ಬೇಡ ಅಂತ. ಆಗ ಅವ್ನ ಸಂಬಳ ವರ್ಷಕ್ಕೆ 1,06,000 ಡಾಲರ್, ಬೇರೆ ಆಗೋ ಹೊತ್ತಿಗೆ 80 ಲಕ್ಷ! 2000ದಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಆ ಪೇಪರನ್ನ ಎತ್ತಿ ಹಿಡೀತು, ಆಕೆಗೆ ದುಡಿಮೆ ಪಾಲು ಹೋಯ್ತು, ಆದ್ರೆ ಮಕ್ಕಳಿಬ್ರಿಗೆ ಕೆಳಗಿನ ಕೋರ್ಟು ಹಾಕಿದ್ದ ತಲಾ ತಿಂಗಳಿಗೆ 10,000 ಡಾಲರ್ ಲೆಕ್ಕನೇ ಬೇರೆ, ಅದಕ್ಕೂ ಆ ಸೈನಿಗೂ ಸಂಬಂಧ ಇಲ್ಲ.

ಗಂಡ ಹೆಂಡ್ತಿ ಜೀವನಾಂಶ ಮಾತ್ರ ಸ್ವಲ್ಪ ಗೋಜಲು. ಬಿಟ್ಕೊಡಬಹುದು, ಆದ್ರೆ ಕ್ಯಾಲಿಫೋರ್ನಿಯಾದಲ್ಲಿ 2002ರಿಂದ ಬಿಟ್ಕೊಡೋರಿಗೆ ಅವರದೇ ಲಾಯರ್ ಇರ್ಲೇಬೇಕು, ಇದ್ರೂನೂ ಜಾರಿ ಮಾಡೋ ಹೊತ್ತಿಗೆ ತೀರಾ ಅನ್ಯಾಯ ಅನ್ಸಿದ್ರೆ ಕೋರ್ಟ್ ಒಪ್ಪಲ್ಲ. ಇದು ನಂಗೆ ಇಷ್ಟ ಆಯ್ತು, ಯಾಕಂದ್ರೆ ಸೈನ್ ಹಾಕುವಾಗ ಇಬ್ರೂ ದುಡೀತಾ ಇರ್ತಾರೆ, ನಂಗ್ಯಾಕೆ ಅವ್ನ ದುಡ್ಡು ಅನ್ನೋ ಜಂಬ ಬೇರೆ, ಹತ್ತು ವರ್ಷ ಆದ್ಮೇಲೆ ಮಗು ನೋಡ್ಕೊಳ್ಳೋಕೆ ಕೆಲ್ಸ ಬಿಟ್ಟು ಕೂತೋರ ಕೈಲಿ ಏನಿರುತ್ತೆ? ಇನ್ನೊಂದು ರೂಲ್ ಇದೆ, ಪೇಪರ್ ಕೈಗೆ ಬಂದು ಸೈನ್ ಹಾಕೋಕೆ ಕನಿಷ್ಠ 7 ದಿನ ಟೈಮ್ ಕೊಡ್ಬೇಕು.

ಇಷ್ಟೆಲ್ಲಾ ಟೈಪ್ ಮಾಡಿ ಕಳ್ಸಿ, ನಿನ್ ಲಾಯರ್ ಯಾರೇ ಅಂದೆ. ಹುಡುಗನ ಲಾಯರೇ ಇಬ್ರಿಗೂ ನೋಡ್ಕೊಳ್ತಾರಂತೆ. ಪೇಪರ್ ಯಾವಾಗ ಬಂತು? ನಿನ್ನೆ. ಮದ್ವೆ ಯಾವತ್ತು?

ಶನಿವಾರ ಅಂತೆ. ಇವತ್ತು ಮಂಗಳವಾರ.